ಜೀನ್ ತಿದ್ದುಪಡಿ ಚಿಕಿತ್ಸೆಯ ನಂತರ 15 ವರ್ಷ: ಮನೆಯಲ್ಲಿರಬೇಕಾದ ಫೈಲ್

ಥಲಸ್ಸೀಮಿಯಾ ಅಥವಾ ಸಿಕಲ್ ಸೆಲ್ ಎಂಬ ಆನುವಂಶಿಕ ರಕ್ತರೋಗಕ್ಕೆ ದೂರದ ನಗರದಲ್ಲಿ ಜೀನ್ ತಿದ್ದುಪಡಿ ಚಿಕಿತ್ಸೆ ಮಾಡಿಸಿ ಮಗನನ್ನು ಕೊಪ್ಪಳಕ್ಕೋ ಸಿಂಧನೂರಿಗೋ ಕರೆತಂದ ಕುಟುಂಬವು ಮೊದಲು ಮಾಡಬೇಕಾದ ಕೆಲಸವೆಂದರೆ ಒಂದು ಗಟ್ಟಿ ಫೈಲ್ ತೆರೆಯುವುದು. 2023ರ ನವೆಂಬರ್‌ನಲ್ಲಿ ಬ್ರಿಟನ್ ಒಪ್ಪಿಗೆ ನೀಡಿದ ಕ್ಯಾಸ್‌ಜೆವಿಯಂಥ ಚಿಕಿತ್ಸೆ ಪಡೆದವರ ಮೇಲೆ 15 ವರ್ಷ ನಿಗಾ ಇಡಲಾಗುತ್ತದೆ. ಅಷ್ಟರಲ್ಲಿ 12ರ ಹುಡುಗ 27ರ ಗೃಹಸ್ಥನಾಗಿರುತ್ತಾನೆ, ವೈದ್ಯರೂ ಬದಲಾಗಿರುತ್ತಾರೆ.

ಡಿಸ್ಚಾರ್ಜ್ ಸಾರಾಂಶ, ಔಷಧದ ಬ್ಯಾಚ್ ಸಂಖ್ಯೆ, ಹೊರತೆಗೆದು ತಿದ್ದಿದ ರಕ್ತಮೂಲ ಕೋಶಗಳನ್ನು ದೇಹಕ್ಕೆ ಮರಳಿಸಿದ ದಿನಾಂಕ ಹಾಗೂ ಅದಕ್ಕೆ ಮುನ್ನ ಹಳೆಯ ಮಜ್ಜೆಯ ಕೋಶಗಳನ್ನು ತೆರವು ಮಾಡಲು ಕೊಟ್ಟ ಕೀಮೋ ಔಷಧ ಬುಸಲ್ಫಾನ್‌ನ ವಿವರ ಅದರಲ್ಲಿರಲಿ. ನಮ್ಮ ಬಿಸಿಲಿಗೆ ಥರ್ಮಲ್ ಕಾಗದದ ಅಕ್ಷರ ಬೇಗ ಅಳಿಸಿಹೋಗುವುದರಿಂದ ಅಂಥ ವರದಿಗಳನ್ನು ಅಂದೇ ಜೆರಾಕ್ಸ್ ಮಾಡಿಸಬೇಕು.

ಇಷ್ಟು ದೀರ್ಘ ನಿಗಾ ಏಕೆಂದರೆ, ಜೀನ್ ತಿದ್ದಲು ಬಳಸುವ ಕ್ರಿಸ್ಪರ್ ಎಂಬ ಅಣು ಕತ್ತರಿಯು ಉದ್ದೇಶಿಸದ ಜಾಗದಲ್ಲೂ ಡಿಎನ್‌ಎ ಕತ್ತರಿಸಿರುವ ಸಾಧ್ಯತೆಯನ್ನು ಪೂರ್ತಿ ತಳ್ಳಿಹಾಕಲಾಗದು, ಮತ್ತು ಅದರ ಪರಿಣಾಮ ತಡವಾಗಿ ಕಾಣಿಸಬಹುದು. ವೈರಸ್ ಮೂಲಕ ಜೀನ್ ಸೇರಿಸುವ ಬೇರೆ ಬಗೆಯ ಚಿಕಿತ್ಸೆಗಳಲ್ಲಿ ಕೆಲವರಿಗೆ ರಕ್ತದ ಕ್ಯಾನ್ಸರ್ ಬಂದದ್ದೂ ಈ ಎಚ್ಚರಿಕೆಯ ಹಿಂದಿದೆ. ಆದ್ದರಿಂದ ವೈದ್ಯರು ಹೇಳಿದ ಅವಧಿಗೆ ತಪ್ಪದೆ ಸಿಬಿಸಿ (ರಕ್ತಕಣಗಳ ಎಣಿಕೆ ಪರೀಕ್ಷೆ) ಮಾಡಿಸಿ, ಬಿಳಿ ರಕ್ತಕಣ ಮತ್ತು ಪ್ಲೇಟ್‌ಲೆಟ್ ಸಂಖ್ಯೆಗಳನ್ನು ಒಂದೇ ಹಾಳೆಯಲ್ಲಿ ದಿನಾಂಕವಾರು ಬರೆದಿಡಿ. ಒಂದು ವರದಿಗಿಂತ ಸಾಲಾಗಿ ನಿಂತ ಹತ್ತು ವರದಿಗಳು ಹೆಚ್ಚು ಹೇಳುತ್ತವೆ. ಬಳ್ಳಾರಿಯಲ್ಲಾಗಲಿ ರಾಯಚೂರಿನಲ್ಲಾಗಲಿ ಪ್ರತಿಸಲ ಅದೇ ಲ್ಯಾಬ್‌ಗೆ ಹೋಗುವುದು ಈ ಕಾರಣಕ್ಕೇ ಒಳ್ಳೆಯದು.

ಒಂದು ಗಾಬರಿಯನ್ನು ಮೊದಲೇ ತಪ್ಪಿಸಬಹುದು. ಈ ಚಿಕಿತ್ಸೆ ಕೆಲಸ ಮಾಡುವುದೇ ಭ್ರೂಣ ಹಿಮೋಗ್ಲೋಬಿನ್ (ಹಿಮೋಗ್ಲೋಬಿನ್ ಎಫ್) ಹೆಚ್ಚಿಸುವ ಮೂಲಕ. ವಯಸ್ಕರಲ್ಲಿ ಸಾಮಾನ್ಯವಾಗಿ ಶೇ 2ಕ್ಕಿಂತ ಕಡಿಮೆ ಇರುವ ಹಿಮೋಗ್ಲೋಬಿನ್ ಎಫ್, ಹಿಮೋಗ್ಲೋಬಿನ್ ಬಗೆಗಳನ್ನು ಅಳೆಯುವ ಎಚ್‌ಪಿಎಲ್‌ಸಿ ವರದಿಯಲ್ಲಿ ದಪ್ಪ ಅಕ್ಷರದ ‘ಹೆಚ್ಚು’ ಎಂಬ ಗುರುತಿನೊಂದಿಗೆ ಬಂದರೆ ಅದು ಚಿಕಿತ್ಸೆಯ ಫಲ. ಇದನ್ನು ಫೈಲಿನ ಮೊದಲ ಪುಟದಲ್ಲೇ ಕೆಂಪು ಪೆನ್ನಿನಲ್ಲಿ ಬರೆದಿಟ್ಟರೆ ಹೊಸ ವೈದ್ಯರಿಗೂ ಅನುಕೂಲ.

ಆರಂಭದ ತಿಂಗಳುಗಳಲ್ಲಿ ರಕ್ತಕಣಗಳು ಕಡಿಮೆ ಇರುವುದರಿಂದ ಜ್ವರವನ್ನು ಹಗುರವಾಗಿ ಕಾಣಬಾರದು. ಮೇ ತಿಂಗಳಲ್ಲಿ ಹಣೆ ಮುಟ್ಟಿ ನೋಡಿದರೆ ಎಲ್ಲರ ಮೈಯೂ ಬಿಸಿಯೇ. ಥರ್ಮಾಮೀಟರ್ ಇಟ್ಟೇ ನೋಡಿ. ಒಸಡಿನಲ್ಲಿ ರಕ್ತ, ಕಾರಣವಿಲ್ಲದ ನೀಲಿ ಕಲೆ ಅಥವಾ ತೀವ್ರ ತಲೆನೋವು ಕಂಡರೆ ಕಾಯದೆ ಆಸ್ಪತ್ರೆಗೆ ಹೋಗಿ, ಚಿಕಿತ್ಸೆ ನೀಡಿದ ಕೇಂದ್ರಕ್ಕೂ ಫೋನ್ ಮಾಡಿಸಿ.

ಬುಸಲ್ಫಾನ್ ಸಂತಾನಶಕ್ತಿಯನ್ನು ಕುಗ್ಗಿಸಬಹುದಾದ್ದರಿಂದ ಹರೆಯದ ವಯಸ್ಸಿನಲ್ಲಿ ಹಾರ್ಮೋನ್ ಪರೀಕ್ಷೆಯ ಬಗ್ಗೆ ಸಂಕೋಚವಿಲ್ಲದೆ ಕೇಳಬೇಕು. ಕಾಲೇಜಿನ ಶಿಬಿರದಲ್ಲಿ ಗೆಳೆಯರು ಕರೆದರೂ ಅವನು ರಕ್ತದಾನ ಮಾಡುವಂತಿಲ್ಲ. ಮಗನಿಗೆ 18 ತುಂಬಿದಾಗ ಕೇಂದ್ರದ ದಾಖಲೆಯಲ್ಲಿ ತಂದೆಯ ನಂಬರ್ ಜೊತೆಗೆ ಅವನ ನಂಬರನ್ನೂ ಸೇರಿಸಿ, ಫೈಲನ್ನು ಅವನ ಕೈಗೇ ಕೊಡಿ.