ಕರುಳಿನ ಉರಿಯೂತದ ಸಂಶೋಧನಾ ವರದಿಯನ್ನು ಓದುವ ಕ್ರಮ

ಕರುಳಿನಲ್ಲಿ ದೀರ್ಘಕಾಲ ಉರಿಯೂತ ಉಳಿಯುವ ಅಲ್ಸರೇಟಿವ್ ಕೊಲೈಟಿಸ್ ಅಥವಾ ಕ್ರೋನ್ಸ್ ಕಾಯಿಲೆ ಇರುವವರ ಮನೆಗೆ ಔಷಧಿಗಿಂತ ಮೊದಲು ಬಂದು ತಲುಪುವುದು ಸಲಹೆ. ನಮ್ಮ ಮನೆಯಲ್ಲಿ ಒಬ್ಬರಿಗೆ ಕೊಲೈಟಿಸ್ ಎಂದು ಗೊತ್ತಾದ ವಾರದೊಳಗೇ, ಅರಿಶಿನದಿಂದ ಈ ಕಾಯಿಲೆ ವಾಸಿಯಾಗುತ್ತದೆಂದು ವಿಜ್ಞಾನಿಗಳೇ ಸಾಬೀತುಪಡಿಸಿದ್ದಾರೆ ಎಂಬ ವಾಟ್ಸಾಪ್ ಸಂದೇಶ ಒಬ್ಬರಾದ ಮೇಲೆ ಒಬ್ಬರಂತೆ ಮೂವರು ಬಂಧುಗಳಿಂದ ಬಂದಿತ್ತು. ಸಂದೇಶ ಪೂರ್ತಿ ಸುಳ್ಳಾಗಿದ್ದರೆ ಅಳಿಸಿ ಸುಮ್ಮನಾಗಬಹುದಿತ್ತು. ಅದರ ಹಿಂದೆ ನಿಜವಾದ ಒಂದು ಚಿಕಿತ್ಸಾ ಪ್ರಯೋಗ ಇತ್ತು ಎಂಬುದೇ ತೊಡಕು. ಇಂಥ ಪ್ರಯೋಗಗಳ ವರದಿಯನ್ನು ವೈದ್ಯರಲ್ಲದ ರೋಗಿಗಳೂ ಮನೆಯವರೂ ಹೇಗೆ ಓದಬಹುದು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ. ಔಷಧಿಯನ್ನು ತಾವಾಗಿಯೇ ಬದಲಿಸುವುದಕ್ಕಲ್ಲ, ವೈದ್ಯರ ಎದುರು ಕುಳಿತಾಗ ಸರಿಯಾದ ಪ್ರಶ್ನೆ ಕೇಳುವುದಕ್ಕೆ ಇದು ಉಪಯೋಗಕ್ಕೆ ಬರುತ್ತದೆ.

ಅರಿಶಿನದಿಂದಲೇ ಆರಂಭಿಸೋಣ

ಮೊದಲ ಕೆಲಸ, ಸುದ್ದಿಯನ್ನು ಬಿಟ್ಟು ಮೂಲ ವರದಿಯನ್ನು ಹುಡುಕುವುದು. ಪಬ್‌ಮೆಡ್ ಎಂಬ ಜಾಲತಾಣದಲ್ಲಿ ಹೆಚ್ಚಿನ ವೈದ್ಯಕೀಯ ವರದಿಗಳ ಸಾರಾಂಶ ಉಚಿತವಾಗಿ ಸಿಗುತ್ತದೆ. ಸಾರಾಂಶದ ಕೊನೆಯಲ್ಲಿರುವ ತೀರ್ಮಾನದ ಸಾಲನ್ನು ಸದ್ಯಕ್ಕೆ ಬದಿಗಿಡಿ. ಯಾರಿಗೆ ಕೊಟ್ಟರು, ಏನನ್ನು ಎಷ್ಟು ಪ್ರಮಾಣದಲ್ಲಿ ಎಷ್ಟು ದಿನ ಕೊಟ್ಟರು, ಯಾವುದರ ಜೊತೆ ಹೋಲಿಸಿದರು, ಯಾವುದನ್ನು ಗುಣವೆಂದು ಎಣಿಸಿದರು ಎಂಬುದನ್ನು ಮೊದಲು ಒಂದು ಕಾಗದದ ಮೇಲೆ ಬರೆದುಕೊಳ್ಳಿ.

ಆ ಸಂದೇಶದ ಹಿಂದಿದ್ದದ್ದು 2015ರಲ್ಲಿ ಪ್ರಕಟವಾದ, ಇಸ್ರೇಲಿನ ವೈದ್ಯರ ನೇತೃತ್ವದ ಪ್ರಯೋಗ. ಅದರಲ್ಲಿದ್ದವರು 50 ಮಂದಿ. ಎಲ್ಲರಿಗೂ ಸೌಮ್ಯದಿಂದ ಮಧ್ಯಮ ತೀವ್ರತೆಯ ಅಲ್ಸರೇಟಿವ್ ಕೊಲೈಟಿಸ್ ಇತ್ತು, ಎಲ್ಲರೂ ಈ ಕಾಯಿಲೆಗೆ ಸಾಮಾನ್ಯವಾಗಿ ಕೊಡುವ ಮೆಸಲಮೈನ್ ಎಂಬ ಔಷಧಿಯನ್ನು ತೆಗೆದುಕೊಳ್ಳುತ್ತಲೇ ಇದ್ದರು. ಅದರ ಜೊತೆಗೆ 26 ಮಂದಿಗೆ ದಿನಕ್ಕೆ 3 ಗ್ರಾಂ ಕರ್ಕ್ಯುಮಿನ್ (ಅರಿಶಿನದಲ್ಲಿರುವ ಒಂದು ಸತ್ವ), ಉಳಿದವರಿಗೆ ನೋಡಲು ಹಾಗೆಯೇ ಇರುವ, ಔಷಧವಿಲ್ಲದ ಕ್ಯಾಪ್ಸೂಲ್ ಕೊಡಲಾಯಿತು. ಒಂದು ತಿಂಗಳ ಬಳಿಕ ಕರ್ಕ್ಯುಮಿನ್ ಪಡೆದವರಲ್ಲಿ 14 ಮಂದಿಗೆ, ಅಂದರೆ ಶೇ 53.8 ಮಂದಿಗೆ, ರೋಗಲಕ್ಷಣಗಳು ಹತೋಟಿಗೆ ಬಂದವು. ಹುಸಿ ಕ್ಯಾಪ್ಸೂಲ್ ಪಡೆದವರಲ್ಲಿ ಹತೋಟಿಗೆ ಬಂದವರು ಒಬ್ಬರೂ ಇಲ್ಲ.

ಈಗ ಎರಡು ವಿಷಯ ಗಮನಿಸಬೇಕು. ಮೊದಲನೆಯದು, ಪ್ರಯೋಗದಲ್ಲಿ ಬಳಸಿದ್ದು ಅಡುಗೆಮನೆಯ ಅರಿಶಿನವನ್ನಲ್ಲ. ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ತೂಕದ ಸುಮಾರು ಶೇ 3ರಷ್ಟು. 3 ಗ್ರಾಂ ಕರ್ಕ್ಯುಮಿನ್ ಬೇಕೆಂದರೆ ದಿನಕ್ಕೆ 100 ಗ್ರಾಂ ಅರಿಶಿನ ಪುಡಿ ತಿನ್ನಬೇಕಾಗುತ್ತದೆ. ರಾತ್ರಿ ಹಾಲಿಗೆ ಹಾಕುವ ಒಂದು ಚಿಟಿಕೆ ಈ ಲೆಕ್ಕದ ಹತ್ತಿರಕ್ಕೂ ಬರುವುದಿಲ್ಲ. ಎರಡನೆಯದು, ಆ ಸೊನ್ನೆ. ಕೊಲೈಟಿಸ್ ತಾನಾಗಿಯೇ ಏರುತ್ತ ಇಳಿಯುತ್ತ ಸಾಗುವ ಕಾಯಿಲೆ. ಹಾಗಾಗಿ ಹುಸಿ ಔಷಧಿ ಪಡೆದವರಲ್ಲೂ ಕೆಲವರಾದರೂ ಸುಧಾರಿಸುವುದು ವಾಡಿಕೆ. ಹೋಲಿಕೆಯ ಗುಂಪಿನಲ್ಲಿ ಒಬ್ಬರಲ್ಲೂ ಕಾಯಿಲೆ ಹತೋಟಿಗೆ ಬರದಿದ್ದರೆ ಔಷಧಿ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಸಣ್ಣ ಪ್ರಯೋಗಗಳಲ್ಲಿ ಹೀಗಾಗುವುದು ಅಪರೂಪವಲ್ಲ. ಇದರಲ್ಲಿ ಮೋಸವನ್ನು ಹುಡುಕಬೇಕಾಗಿಲ್ಲ, ಆದರೆ ಇನ್ನೊಂದು ಪ್ರಯೋಗಕ್ಕಾಗಿ ಕಾಯಬೇಕು.

ಆ ಇನ್ನೊಂದು ಪ್ರಯೋಗ ನಮ್ಮ ದೇಶದ್ದೇ. ದೆಹಲಿಯ ಏಮ್ಸ್ ವೈದ್ಯರು 62 ಮಂದಿಯ ಮೇಲೆ ನಡೆಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದಿನಕ್ಕೆ 450 ಮಿಲಿಗ್ರಾಂ ಕರ್ಕ್ಯುಮಿನ್ ಕೊಟ್ಟಾಗ ಹುಸಿ ಔಷಧಿಗಿಂತ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಎರಡೂ ವರದಿಗಳನ್ನು ಒಟ್ಟಿಗಿಟ್ಟು ಓದಿದವರಿಗೆ ಪ್ರಮಾಣದ ಮಹತ್ವ ತಿಳಿಯುತ್ತದೆ. ಒಂದನ್ನೇ ಓದಿದವರು ಅರಿಶಿನದ ಭಕ್ತರಾಗುತ್ತಾರೆ, ಇಲ್ಲವೇ ನಿಂದಕರಾಗುತ್ತಾರೆ. ಅಂಗಡಿಯಲ್ಲಿ ಸಿಗುವ ಅರಿಶಿನದ ಗಾಢ ಪೂರಕಗಳಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳೂ ವರದಿಯಾಗಿರುವುದರಿಂದ, ತೆಗೆದುಕೊಳ್ಳುವ ಮುನ್ನ ವೈದ್ಯರಿಗೆ ತಿಳಿಸಲೇಬೇಕು.

‘ಸ್ಪಂದನೆ’ ಬೇರೆ, ‘ಉಪಶಮನ’ ಬೇರೆ

ವರದಿಗಳಲ್ಲಿ ಓದುಗರು ಹೆಚ್ಚಾಗಿ ಎಡವುವುದು ಈ ಎರಡು ಪದಗಳಲ್ಲಿ. ಅಲ್ಸರೇಟಿವ್ ಕೊಲೈಟಿಸ್‌ನ ಬಹುತೇಕ ದೊಡ್ಡ ಪ್ರಯೋಗಗಳು ಮೇಯೊ ಅಂಕ ಎಂಬ ಅಳತೆಯನ್ನು ಬಳಸುತ್ತ ಬಂದಿವೆ. ಎಷ್ಟು ಸಲ ಮಲ ವಿಸರ್ಜನೆಯಾಗುತ್ತದೆ, ರಕ್ತ ಎಷ್ಟು ಹೋಗುತ್ತದೆ, ಕೊಲೊನೋಸ್ಕೋಪಿಯಲ್ಲಿ (ಕ್ಯಾಮೆರಾ ಇರುವ ಕೊಳವೆಯಿಂದ ಕರುಳಿನ ಒಳಗನ್ನು ನೋಡುವ ಪರೀಕ್ಷೆ) ಕರುಳಿನ ಒಳಪದರ ಹೇಗೆ ಕಾಣುತ್ತದೆ, ವೈದ್ಯರ ಒಟ್ಟಾರೆ ಅಂದಾಜು ಏನು ಎಂಬ ನಾಲ್ಕು ಅಂಶಗಳಿಗೆ ತಲಾ 0ಯಿಂದ 3ರವರೆಗೆ ಅಂಕ ಕೊಟ್ಟು ಕೂಡಿಸುತ್ತಾರೆ, ಒಟ್ಟು 12. ಒಟ್ಟು ಅಂಕ 2 ಅಥವಾ ಅದಕ್ಕಿಂತ ಕಡಿಮೆಯಿದ್ದು, ಯಾವ ಅಂಶದಲ್ಲೂ 1ಕ್ಕಿಂತ ಹೆಚ್ಚಿಲ್ಲದಿದ್ದರೆ ಅದು ಉಪಶಮನ. ಅಂಕ ಕನಿಷ್ಠ 3ರಷ್ಟು ಮತ್ತು ಕನಿಷ್ಠ ಶೇ 30ರಷ್ಟು ಇಳಿದು, ರಕ್ತಸ್ರಾವದ ಅಂಕವೂ ಇಳಿದಿದ್ದರೆ ಅದು ಸ್ಪಂದನೆ.

ಒಬ್ಬ ರೋಗಿಯನ್ನು ಕಲ್ಪಿಸಿಕೊಳ್ಳಿ. ಸೇರುವಾಗ ಅವರ ಅಂಕ ಮಲಕ್ಕೆ 3, ರಕ್ತಕ್ಕೆ 3, ಕೊಲೊನೋಸ್ಕೋಪಿಗೆ 2, ವೈದ್ಯರ ಅಂದಾಜಿಗೆ 2, ಒಟ್ಟು 10. ಎಂಟು ವಾರದ ಮೇಲೆ 2, 2, 2 ಮತ್ತು 1, ಒಟ್ಟು 7. ಮೂರು ಅಂಕ ಇಳಿಯಿತು, ಸರಿಯಾಗಿ ಶೇ 30, ರಕ್ತದ ಅಂಕವೂ ಒಂದು ಕಡಿಮೆಯಾಯಿತು. ವರದಿಯ ಪ್ರಕಾರ ಇವರು ಔಷಧಿಗೆ ಸ್ಪಂದಿಸಿದವರು. ಆದರೆ ಇವರು ಈಗಲೂ ಮಾಮೂಲಿಗಿಂತ ಮೂರು ನಾಲ್ಕು ಸಲ ಹೆಚ್ಚಾಗಿ ಶೌಚಕ್ಕೆ ಹೋಗುತ್ತಿದ್ದಾರೆ, ಹೆಚ್ಚಿನ ಸಲ ಮಲದಲ್ಲಿ ರಕ್ತ ಕಾಣುತ್ತಿದೆ, ಕರುಳಿನ ಒಳಪದರ ಇದ್ದ ಹಾಗೆಯೇ ಇದೆ. ಇವರನ್ನು ಗುಣವಾದವರು ಎಂದು ಮನೆಯವರು ಯಾರೂ ಒಪ್ಪಲಿಕ್ಕಿಲ್ಲ. ಹಾಗಾಗಿ ಸುದ್ದಿಯಲ್ಲಿ ದೊಡ್ಡ ಸಂಖ್ಯೆ ಕಂಡಾಗ ಅದು ಸ್ಪಂದನೆಯ ಲೆಕ್ಕವೋ ಉಪಶಮನದ್ದೋ ಎಂದು ನೋಡಿ. ಉಪಶಮನವಾದರೆ, ಉರಿಯೂತವನ್ನು ಬೇಗ ಅಡಗಿಸುವ ಸ್ಟೀರಾಯ್ಡ್ ನಿಲ್ಲಿಸಿದ ಮೇಲಿನದ್ದೋ ಅಲ್ಲವೋ ಎಂದೂ ನೋಡಿ.

ಕ್ರೋನ್ಸ್ ಕಾಯಿಲೆಯಲ್ಲಿ ಬಹುಕಾಲ ಬಳಸಿದ ಅಳತೆ ಹೆಚ್ಚಾಗಿ ರೋಗಿ ಹೇಳುವ ನೋವು, ಬೇಧಿ, ಸುಸ್ತುಗಳ ಮೇಲೆ ನಿಂತಿದೆ. ನೋವು ಇಲ್ಲದಿದ್ದರೂ ಒಳಗೆ ಹುಣ್ಣು ಇರಬಹುದಾದ್ದರಿಂದ, ಈಚಿನ ಪ್ರಯೋಗಗಳು ಕೊಲೊನೋಸ್ಕೋಪಿಯ ಫಲಿತಾಂಶವನ್ನೂ ಪ್ರತ್ಯೇಕವಾಗಿ ಕೊಡುತ್ತವೆ. ಎರಡರಲ್ಲಿ ಎರಡನೆಯದನ್ನು ಹೆಚ್ಚು ನಂಬಿ.

ಶೇಕಡಾವಾರು ಯಾರಲ್ಲಿ, ಯಾವುದರ ಎದುರು

ಅಲ್ಸರೇಟಿವ್ ಕೊಲೈಟಿಸ್‌ಗೆ ಕೊಡುವ ವೆಡೊಲಿಜುಮ್ಯಾಬ್ ಔಷಧಿಯ ‘ಜೆಮಿನಿ 1’ ಪ್ರಯೋಗ 2013ರಲ್ಲಿ ಪ್ರಕಟವಾಯಿತು. ಆರನೇ ವಾರದಲ್ಲಿ ಔಷಧಿ ಪಡೆದವರಲ್ಲಿ ಶೇ 47.1, ಹುಸಿ ಔಷಧಿ ಪಡೆದವರಲ್ಲಿ ಶೇ 25.5 ಮಂದಿ ಸ್ಪಂದಿಸಿದರು. 52ನೇ ವಾರದಲ್ಲಿ, ಎಂಟು ವಾರಕ್ಕೊಮ್ಮೆ ಔಷಧಿ ಪಡೆದವರಲ್ಲಿ ಶೇ 41.8 ಮಂದಿ ಉಪಶಮನದಲ್ಲಿದ್ದರು, ಹುಸಿ ಔಷಧಿಗೆ ಬದಲಾದವರಲ್ಲಿ ಶೇ 15.9. ನೂರಕ್ಕೆ ನಲವತ್ತೆರಡು ಮಂದಿ ವರ್ಷಪೂರ್ತಿ ಚೆನ್ನಾಗಿದ್ದರು ಎಂದು ಓದಿಕೊಂಡರೆ ತಪ್ಪಾಗುತ್ತದೆ, ಏಕೆಂದರೆ ಎರಡನೆಯ ಹಂತಕ್ಕೆ ತೆಗೆದುಕೊಂಡದ್ದು ಮೊದಲ ಹಂತದಲ್ಲಿ ಸ್ಪಂದಿಸಿದವರನ್ನು ಮಾತ್ರ. ಒರಟು ಲೆಕ್ಕದಲ್ಲಿ, ಆರಂಭಿಸಿದ ನೂರರಲ್ಲಿ 47, ಆ 47ರಲ್ಲಿ ಶೇ 41.8 ಎಂದರೆ ಸುಮಾರು 20. ಔಷಧಿ ಕೆಲಸ ಮಾಡುತ್ತದೆ ಎಂಬುದು ಇದರಿಂದ ಸುಳ್ಳಾಗುವುದಿಲ್ಲ. ಇಂದು ಆರಂಭಿಸಿದರೆ ಎಷ್ಟನ್ನು ನಿರೀಕ್ಷಿಸಬೇಕು ಎಂಬುದು ಬದಲಾಗುತ್ತದೆ.

ಹುಸಿ ಔಷಧಿಯ ಎದುರು ಗೆಲ್ಲುವುದು ಒಂದು ಮಾತು, ಇರುವ ಔಷಧಿಯ ಎದುರು ಗೆಲ್ಲುವುದು ಇನ್ನೊಂದು. 2019ರ ‘ವಾರ್ಸಿಟಿ’ ಪ್ರಯೋಗ 769 ಮಂದಿಯಲ್ಲಿ ವೆಡೊಲಿಜುಮ್ಯಾಬ್ ಮತ್ತು ಅಡಲಿಮುಮ್ಯಾಬ್ ಔಷಧಿಗಳನ್ನು ನೇರವಾಗಿ ಹೋಲಿಸಿತು. 52ನೇ ವಾರದ ಉಪಶಮನ ಕ್ರಮವಾಗಿ ಶೇ 31.3 ಮತ್ತು ಶೇ 22.5. ಆದರೆ ಸ್ಟೀರಾಯ್ಡ್ ಇಲ್ಲದ ಉಪಶಮನ ವೆಡೊಲಿಜುಮ್ಯಾಬ್‌ನಲ್ಲಿ ಶೇ 12.6 ಇದ್ದರೆ ಅಡಲಿಮುಮ್ಯಾಬ್‌ನಲ್ಲಿ ಶೇ 21.8 ಇತ್ತು. ಒಂದೇ ಪ್ರಯೋಗದಲ್ಲಿ ಒಂದು ಅಳತೆಗೆ ಒಂದು ಔಷಧಿ, ಇನ್ನೊಂದು ಅಳತೆಗೆ ಇನ್ನೊಂದು ಮುಂದಿರಬಹುದು. ತಲೆಬರಹದಲ್ಲಿ ಬರುವುದು ಮಾತ್ರ ಒಂದೇ ಸಾಲು.

ಪತ್ತೆಯ ಪರೀಕ್ಷೆಗಳ ವರದಿ

ಮಲದಲ್ಲಿರುವ ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಪ್ರೋಟೀನನ್ನು ಅಳೆದರೆ ಕರುಳಿನಲ್ಲಿ ಉರಿಯೂತ ಇದೆಯೇ ಎಂದು ಊಹಿಸಬಹುದು. 2010ರಲ್ಲಿ ಪ್ರಕಟವಾದ, ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯ ಪ್ರಕಾರ ವಯಸ್ಕರಲ್ಲಿ ಈ ಪರೀಕ್ಷೆ ಕಾಯಿಲೆ ಇರುವವರಲ್ಲಿ ಶೇ 93 ಮಂದಿಯನ್ನು ಹಿಡಿಯುತ್ತದೆ, ಇಲ್ಲದವರಲ್ಲಿ ಶೇ 96 ಮಂದಿಯನ್ನು ಸರಿಯಾಗಿ ಬಿಟ್ಟುಬಿಡುತ್ತದೆ. ಆದರೆ ಪರೀಕ್ಷೆ ಯಾರ ಮೇಲೆ ನಡೆಯುತ್ತದೆ ಎಂಬುದರ ಮೇಲೆ ಅದರ ಬೆಲೆ ನಿಂತಿದೆ. ತಜ್ಞರ ಬಳಿಗೆ ಬಂದ ಸಾವಿರ ಮಂದಿಯಲ್ಲಿ 300 ಮಂದಿಗೆ ಕಾಯಿಲೆ ಇದೆ ಎಂದಿಟ್ಟುಕೊಳ್ಳಿ. ಪರೀಕ್ಷೆ 279 ಮಂದಿಯನ್ನು ಹಿಡಿಯುತ್ತದೆ, ಕಾಯಿಲೆ ಇಲ್ಲದ 28 ಮಂದಿಗೂ ಇದೆ ಎನ್ನುತ್ತದೆ. ಹತ್ತರಲ್ಲಿ ಒಂಬತ್ತು ಸಲ ಅದರ ಮಾತು ನಿಜ. ಅದೇ ಪರೀಕ್ಷೆಯನ್ನು ಊರಿನ ಕ್ಲಿನಿಕ್ಕಿಗೆ ಹೊಟ್ಟೆನೋವೆಂದು ಬಂದ ಸಾವಿರ ಮಂದಿಗೆ ಮಾಡಿ, ಅವರಲ್ಲಿ ಕಾಯಿಲೆ ಇರುವವರು 20 ಮಂದಿ ಮಾತ್ರ ಎಂದುಕೊಂಡರೆ, ಹಿಡಿಯುವುದು 19 ಮಂದಿಯನ್ನು, ಸುಮ್ಮನೆ ಹೆದರಿಸುವುದು 39 ಮಂದಿಯನ್ನು. ಸೋಂಕಿನ ಬೇಧಿಯಿಂದಲೂ ನೋವಿನ ಮಾತ್ರೆಗಳಿಂದಲೂ ಕ್ಯಾಲ್‌ಪ್ರೊಟೆಕ್ಟಿನ್ ಏರುವುದುಂಟು. ಆದ್ದರಿಂದ ಮಲ ಪರೀಕ್ಷೆಯ ಒಂದು ಅಂಕಿಯನ್ನು ನೋಡಿ ಕಾಯಿಲೆಯ ಹೆಸರನ್ನು ಖಚಿತಪಡಿಸಿಕೊಳ್ಳಬಾರದು.

ನಮ್ಮ ದೇಶದ ಓದುಗರು ಇನ್ನೂ ಹೆಚ್ಚು ನಿಧಾನಿಸಬೇಕಾದ್ದು ಕರುಳಿನ ಕ್ಷಯದ ವಿಷಯದಲ್ಲಿ. ಕ್ಷಯವೂ ಕ್ರೋನ್ಸ್ ಕಾಯಿಲೆಯೂ ಸಣ್ಣ ಕರುಳಿನ ಕೊನೆಯ ಭಾಗವನ್ನೇ ಹೆಚ್ಚಾಗಿ ಹಿಡಿಯುತ್ತವೆ. ಹೊಟ್ಟೆನೋವು, ಜ್ವರ, ತೂಕ ಇಳಿಯುವುದು ಎರಡರಲ್ಲೂ ಉಂಟು. ಬಯಾಪ್ಸಿಯಲ್ಲಿ ಗ್ರಾನ್ಯುಲೋಮ ಎಂಬ ಗಂಟುಗಳು ಎರಡರಲ್ಲೂ ಕಾಣಬಹುದು. ಕ್ಷಯದ ಜೀನ್‌ಎಕ್ಸ್‌ಪರ್ಟ್ (ರೋಗಾಣುವಿನ ಡಿಎನ್‌ಎಯನ್ನು ಹುಡುಕುವ) ಪರೀಕ್ಷೆ ಪಾಸಿಟಿವ್ ಬಂದರೆ ಅದು ಬಲವಾದ ಸಾಕ್ಷ್ಯ, ನೆಗೆಟಿವ್ ಬಂದರೆ ಕ್ಷಯ ಇಲ್ಲವೆಂದು ಹೇಳಲಾಗದು. ಹಾಗಾಗಿ ಅನುಮಾನ ಉಳಿದಾಗ ಕ್ಷಯದ ಔಷಧಿ ಆರಂಭಿಸಿ, ಸುಮಾರು ಎರಡು ತಿಂಗಳಿಗೆ ಮತ್ತೆ ಕೊಲೊನೋಸ್ಕೋಪಿ ಮಾಡಿ ಹುಣ್ಣು ಮಾಯುತ್ತಿದೆಯೇ ಎಂದು ನೋಡುವ ಪದ್ಧತಿ ಇದೆ. ರೋಗಿಗೆ ಹಿತವೆನಿಸಿತು ಎಂಬಷ್ಟೇ ಸಾಲದು, ಏಕೆಂದರೆ ಕ್ರೋನ್ಸ್ ಇರುವ ಕೆಲವರಿಗೂ ಆ ಔಷಧಿಗಳಿಂದ ಸ್ವಲ್ಪ ದಿನ ಹಿತವೆನಿಸುತ್ತದೆ. ಈ ಮಧ್ಯೆ ಕ್ರೋನ್ಸ್‌ಗೆ ಚಿಕಿತ್ಸೆ ತಡವಾಗಿ ಕರುಳು ಕಿರಿದಾಗುವ ಅಪಾಯವಿರುತ್ತದೆ.

ಇವೆರಡನ್ನೂ ಬೇರ್ಪಡಿಸುವ ಹೊಸ ಪರೀಕ್ಷೆಯ ವರದಿ ಕಂಡಾಗ, ಕೊನೆಗೆ ಇದು ಕ್ಷಯ, ಇದು ಕ್ರೋನ್ಸ್ ಎಂದು ಸಂಶೋಧಕರು ಯಾವ ಆಧಾರದ ಮೇಲೆ ನಿರ್ಧರಿಸಿದರು ಎಂಬುದನ್ನು ಹುಡುಕಿ. ಅನುಮಾನದ ಪ್ರಕರಣಗಳನ್ನು ಅಧ್ಯಯನದಿಂದಲೇ ಕೈಬಿಟ್ಟಿದ್ದರೆ ಪರೀಕ್ಷೆಯ ನಿಖರತೆ ಸೊಗಸಾಗಿ ಕಾಣುತ್ತದೆ. ಪರೀಕ್ಷೆ ಬೇಕಾಗಿರುವುದು ಮಾತ್ರ ಆ ಕೈಬಿಟ್ಟವರಿಗೇ.

ಚಿಕಿತ್ಸೆಯ ವರದಿಗಳಲ್ಲೂ ಕ್ಷಯ ಇಣುಕುತ್ತದೆ. ಇನ್‌ಫ್ಲಿಕ್ಸಿಮ್ಯಾಬ್, ಅಡಲಿಮುಮ್ಯಾಬ್‌ನಂಥ ಔಷಧಿಗಳು ದೇಹದ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವುದರಿಂದ ಒಳಗೆ ಅಡಗಿರುವ ಕ್ಷಯವನ್ನು ಎಬ್ಬಿಸಬಲ್ಲವು. ಇಂಥ ಪ್ರಯೋಗಗಳು ಸಾಮಾನ್ಯವಾಗಿ ಕ್ಷಯವನ್ನು ಮೊದಲೇ ಪರೀಕ್ಷಿಸಿ, ಇರುವವರನ್ನು ಹೊರಗಿಡುತ್ತವೆ. ಆದ್ದರಿಂದ ಅವುಗಳ ಸುರಕ್ಷತೆಯ ಅಂಕಿಗಳು ಕ್ಷಯ ವ್ಯಾಪಕವಾಗಿರುವ ನಾಡಿಗೆ ಹಾಗೆಯೇ ಅನ್ವಯಿಸುವುದಿಲ್ಲ. ಯಾರನ್ನು ಹೊರಗಿಟ್ಟರು ಎಂಬ ಪಟ್ಟಿಯನ್ನು ಓದದೆ ಮುಂದೆ ಹೋಗಬೇಡಿ.

ಅವಧಿ, ಅಪಾಯ, ನೋಂದಣಿ

ಫಲಿತಾಂಶವನ್ನು ಎಷ್ಟು ಕಾಲದ ಮೇಲೆ ಅಳೆದರು ಎಂಬುದನ್ನೂ ನೋಡಿ. ಆಕ್ಸ್‌ಫರ್ಡ್‌ನ ಟ್ರೂಲವ್ ಮತ್ತು ವಿಟ್ಸ್ 1955ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಆರು ವಾರಗಳ ಕಾರ್ಟಿಸೋನ್ ಎಂಬ ಸ್ಟೀರಾಯ್ಡ್‌ನಿಂದ ಶೇ 41.3 ಮಂದಿ ಉಪಶಮನ ಕಂಡರು, ಹುಸಿ ಔಷಧಿಯಿಂದ ಶೇ 15.8. ತೀವ್ರ ಕೊಲೈಟಿಸ್ ಎಂದರೇನು ಎಂದು ಅವರು ಹಾಕಿಕೊಟ್ಟ ಮಾನದಂಡ, ಅಂದರೆ ದಿನಕ್ಕೆ ಆರು ಅಥವಾ ಹೆಚ್ಚು ಸಲ ರಕ್ತಬೇಧಿಯ ಜೊತೆಗೆ ಜ್ವರ, ನಾಡಿಯ ವೇಗ, ರಕ್ತಹೀನತೆಯಂಥ ಲಕ್ಷಣ, ಇಂದಿಗೂ ಬಳಕೆಯಲ್ಲಿದೆ. ಲುಧಿಯಾನದಲ್ಲಿ ನಡೆದು 2024ರಲ್ಲಿ ಪ್ರಕಟವಾದ ‘ಟ್ಯಾಕೋಸ್’ ಪ್ರಯೋಗದಲ್ಲಿ, ಅಂಥ ತೀವ್ರ ಕೊಲೈಟಿಸ್‌ನ 104 ಮಂದಿಗೆ ಸ್ಟೀರಾಯ್ಡ್ ಜೊತೆ ಟೊಫಾಸಿಟಿನಿಬ್ ಎಂಬ ಉರಿಯೂತ ತಗ್ಗಿಸುವ ಮಾತ್ರೆ ಅಥವಾ ಹುಸಿ ಮಾತ್ರೆ ಕೊಡಲಾಯಿತು. ಏಳನೇ ದಿನ ಸ್ಪಂದಿಸಿದವರು ಸುಮಾರು ಶೇ 83 ಮತ್ತು ಶೇ 59. ಒಳ್ಳೆಯ ಫಲಿತಾಂಶವೇ, ಆದರೆ ಟೊಫಾಸಿಟಿನಿಬ್ ಪಡೆದ ಒಬ್ಬರಿಗೆ ಮಿದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತು. ಐವತ್ತರಷ್ಟು ಜನರ ಗುಂಪಿನಲ್ಲಿ ಒಂದು ಪ್ರಕರಣದಿಂದ ಏನನ್ನೂ ತೀರ್ಮಾನಿಸಲಾಗದು, ಕಡೆಗಣಿಸಲೂ ಆಗದು. ಅಪರೂಪದ ಅಪಾಯಗಳನ್ನು ತಿಳಿಯಲು ಸಣ್ಣ ಪ್ರಯೋಗ ಸಾಲುವುದಿಲ್ಲ ಎಂದಷ್ಟೇ ಬರೆದುಕೊಳ್ಳಿ.

ಭಾರತದಲ್ಲಿ ನಡೆಯುವ ಪ್ರಯೋಗಗಳ ನೋಂದಣಿಗೆ ಸಿಟಿಆರ್‌ಐ ಎಂಬ ಸಾರ್ವಜನಿಕ ದಾಖಲೆ 2007ರಿಂದ ಇದೆ. ಹುಡುಕಲು ಹಣ ಕೊಡಬೇಕಿಲ್ಲ. ಮುಖ್ಯ ಅಳತೆ ಯಾವುದೆಂದು ಆರಂಭದಲ್ಲಿ ಅಲ್ಲಿ ಬರೆದದ್ದನ್ನು ಪ್ರಕಟವಾದ ವರದಿಯ ಜೊತೆ ಹೋಲಿಸಿ. ನಡುವೆ ಬದಲಾಗಿದ್ದರೆ ಕಾರಣ ಕೊಟ್ಟಿದ್ದಾರೆಯೇ ನೋಡಿ. ನಿಮ್ಮನ್ನೇ ಪ್ರಯೋಗಕ್ಕೆ ಸೇರಲು ಕೇಳಿದರೆ ಸಿಟಿಆರ್‌ಐ ಸಂಖ್ಯೆಯನ್ನೂ ಕನ್ನಡದ ಒಪ್ಪಿಗೆ ಪತ್ರವನ್ನೂ ಕೇಳಿ ಪಡೆದು, ಮನೆಗೆ ತಂದು ಓದಿ. ಹುಸಿ ಔಷಧಿಯ ಪಾಲಿಗೆ ಬಿದ್ದು ಕಾಯಿಲೆ ಕೆರಳಿದರೆ ಯಾವ ಹಂತದಲ್ಲಿ ಬೇರೆ ಚಿಕಿತ್ಸೆ ಕೊಡುತ್ತಾರೆ, ಹಾನಿಯಾದರೆ ಖರ್ಚು ಯಾರದು, ಔಷಧಿಯಿಂದ ಗುಣ ಕಂಡರೆ ಪ್ರಯೋಗ ಮುಗಿದ ಮೇಲೂ ಅದು ಸಿಗುತ್ತದೆಯೇ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಆ ಪತ್ರದಲ್ಲೇ ಬರಹದಲ್ಲಿರಬೇಕು. ಇಲ್ಲದಿದ್ದರೆ ಸಹಿ ಹಾಕುವ ಮೊದಲು ಬರೆಸಿಕೊಳ್ಳಿ.