ನಾಯಿಯ ಮೈ ಕಮಟು ನಾರುತ್ತಿದೆಯೇ? ಯೀಸ್ಟ್ ಸೋಂಕು ಇರಬಹುದು, ನೋಡಿ

ಭದ್ರಾ ನಾಲೆಗೆ ನೀರು ಬಿಟ್ಟರೆ ಸಾಕು, ದಾವಣಗೆರೆ, ಹರಿಹರದ ಗದ್ದೆ ಬಯಲಿನ ನಾಯಿಗಳು ನೀರು ಬಿಟ್ಟು ಮೇಲೇಳುವುದಿಲ್ಲ. ಒದ್ದೆ ಕಿವಿ ಆರುವ ಮೊದಲೇ ಮತ್ತೆ ನೀರಾಟ. ಮಲಸೇಜಿಯಾ ಎಂಬ ಯೀಸ್ಟ್ (ಒಂದು ಬಗೆಯ ಶಿಲೀಂಧ್ರ) ಆರೋಗ್ಯವಂತ ನಾಯಿಯ ಚರ್ಮದ ಮೇಲೂ ಇರುತ್ತದೆ. ತೇವ, ಜಿಡ್ಡು ಹೆಚ್ಚಿದಾಗ, ಅಲರ್ಜಿಯಿಂದ ಚರ್ಮ ಸೊರಗಿದಾಗ ಅದು ಮಿತಿಮೀರಿ ಬೆಳೆದು ತುರಿಕೆ ಶುರುವಾಗುತ್ತದೆ.

ಮೊದಲು ಮೂಸಿ ನೋಡಿ. ಸ್ನಾನ ಮಾಡಿಸಿದ ಮರುದಿನವೇ ಕಮಟು ವಾಸನೆ ಬಂದರೆ ಅನುಮಾನ ಪಡಿ. ನಾಯಿಯನ್ನು ಬೆಳಕಿನಲ್ಲಿ ಮಲಗಿಸಿ ಕಾಲ್ಬೆರಳ ಸಂದು ಬಿಡಿಸಿ: ನೆಕ್ಕಿ ನೆಕ್ಕಿ ಕೂದಲು ತುಕ್ಕಿನ ಬಣ್ಣಕ್ಕೆ ತಿರುಗಿರುತ್ತದೆ, ಬುಡದಲ್ಲಿ ಕಂದು ಜಿಡ್ಡು ಅಂಟಿರುತ್ತದೆ. ಕಿವಿಯಲ್ಲಿ ಕಂದು ಗುಗ್ಗೆ, ಕಂಕುಳು, ತೊಡೆಸಂದು, ಕತ್ತಿನಡಿ ಕೆಂಪು. ಸೋಂಕು ಹಳೆಯದಾದರೆ ಚರ್ಮ ಕಪ್ಪಾಗಿ, ದಪ್ಪಗಾಗಿ ನೆರಿಗೆ ಬೀಳುತ್ತದೆ.

ಕಜ್ಜಿ, ಹುಳುಕಡ್ಡಿಯೂ ಹೀಗೇ ಕಾಣಬಹುದು. ಆದ್ದರಿಂದ ಪಶು ಆಸ್ಪತ್ರೆಗೆ ಕರೆದೊಯ್ಯಿರಿ. ವೈದ್ಯರು ಚರ್ಮಕ್ಕೆ ಪಾರದರ್ಶಕ ಟೇಪ್ ಒತ್ತಿ ತೆಗೆದು, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಶೇಂಗಾ ಕಾಯಿಯ ಆಕಾರದ ಯೀಸ್ಟ್ ಕಾಣುತ್ತದೆ.

ಚಿಕಿತ್ಸೆಯ ಜೀವಾಳ ಸ್ನಾನ. ಸಾಮಾನ್ಯವಾಗಿ ಶೇ 2ರಷ್ಟು ಕ್ಲೋರ್‌ಹೆಕ್ಸಿಡಿನ್, ಶೇ 2ರಷ್ಟು ಮೈಕೋನಜೋಲ್ ಇರುವ ಶಾಂಪೂ ಬರೆದುಕೊಡುತ್ತಾರೆ. ವಾರಕ್ಕೆ 2 ಸಲದಂತೆ ಕನಿಷ್ಠ 3 ವಾರ ಹಚ್ಚಬೇಕು. ಹಚ್ಚಿದ ಕೂಡಲೇ ನೀರು ಹೊಯ್ದರೆ ದುಡ್ಡು ದಂಡ. ನೊರೆ 10 ನಿಮಿಷ ಮೈಮೇಲೆ ನಿಲ್ಲಲೇಬೇಕು, ಮೊಬೈಲ್‌ನಲ್ಲಿ ಅಲಾರಂ ಇಟ್ಟುಕೊಳ್ಳಿ. ಅಷ್ಟು ಹೊತ್ತು ತಲೆ ನೇವರಿಸುತ್ತಾ ನೆಕ್ಕದಂತೆ ನೋಡಿಕೊಳ್ಳಿ, ಕಣ್ಣಿಗೆ ಬೀಳಿಸಬೇಡಿ. ಚೆನ್ನಾಗಿ ತೊಳೆದ ಮೇಲೆ ಬೆರಳ ಸಂದು, ಚರ್ಮದ ಮಡಿಕೆಗಳನ್ನು ಒಣಬಟ್ಟೆಯಿಂದ ಒತ್ತಿ ಒರೆಸಿ.

ಕಿವಿಗೆ ಕಡ್ಡಿ ಹಾಕಬೇಡಿ. ಕಿವಿತಮಟೆ ಸರಿಯಿದೆಯೇ ಎಂದು ವೈದ್ಯರು ನೋಡಿದ ಮೇಲಷ್ಟೇ ಹನಿ ಔಷಧ. ಸುಟ್ಟ ಎಂಜಿನ್ ಆಯಿಲ್, ಸೀಮೆಎಣ್ಣೆ ಹಚ್ಚುವವರು ಇನ್ನೂ ಇದ್ದಾರೆ, ದಯವಿಟ್ಟು ಬೇಡ. ಚರ್ಮ ಸುಡುತ್ತದೆ, ನೆಕ್ಕಿದರೆ ಹೊಟ್ಟೆಗೆ ವಿಷ ಸೇರುತ್ತದೆ. ಯೀಸ್ಟ್ ಕೊಲ್ಲುವ ಇಟ್ರಾಕೊನಜೋಲ್‌ನಂಥ ಮಾತ್ರೆ ಯಕೃತ್ತಿಗೆ ತೊಂದರೆ ಕೊಡಬಲ್ಲದು, ಕೇಳದೆ ಕೊಡಬೇಡಿ.

ವಾಸಿಯಾಗಿ ಮತ್ತೆ ಮರುಕಳಿಸಿದರೆ ಮೂಲ ಬೇರೆಲ್ಲೋ ಇದೆ. ಚಿಗಟ, ಆಹಾರದ ಅಲರ್ಜಿ, ಥೈರಾಯ್ಡ್ ಕೊರತೆ, ಇವನ್ನು ಒಂದೊಂದಾಗಿ ಪರೀಕ್ಷಿಸಲು ವೈದ್ಯರನ್ನು ಕೇಳಿ. ಕಪ್ಪಾದ ಚರ್ಮ ತಿಳಿಯಾಗಲು ತಿಂಗಳುಗಳೇ ಹಿಡಿಯಬಹುದು. ಅಷ್ಟರೊಳಗೆ ಶಾಂಪೂ ಬದಲಿಸಬೇಡಿ.