ನಲವತ್ತು ಗಜದ ಓಟ ಓದಲು ಕಲಿತದ್ದು

2019ರಲ್ಲಿ ನಮ್ಮ ಗೆಳೆಯರ ಅಮೆರಿಕನ್ ಫುಟ್‌ಬಾಲ್ ಫ್ಯಾಂಟಸಿ ಲೀಗಿನ (ನಿಜವಾದ ಆಟಗಾರರನ್ನು ಆರಿಸಿ ಕಾಲ್ಪನಿಕ ತಂಡ ಕಟ್ಟುವ ಆಟ) ರೂಕಿ ಡ್ರಾಫ್ಟ್, ಅಂದರೆ ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವುದು, ನಡೆದಾಗ, ನನ್ನ ಸರದಿ ಬಂದ ಹೊತ್ತಿಗೆ ರಿಸೀವರ್ (ಎಸೆದ ಚೆಂಡು ಹಿಡಿಯುವ ಆಟಗಾರ) ಡಿ.ಕೆ. ಮೆಟ್‌ಕಾಫ್ ಇನ್ನೂ ಉಳಿದಿದ್ದ. ನಾನು ಕೈಬಿಟ್ಟೆ. ಹೊಸ ಆಟಗಾರರ ಮೈಕಟ್ಟು, ವೇಗ ಅಳೆಯುವ ಇಂಡಿಯಾನಾಪೊಲಿಸ್ ಕಂಬೈನ್‌ನಲ್ಲಿ ಅವನು ನಲವತ್ತು ಗಜವನ್ನು 4.33 ಸೆಕೆಂಡಿನಲ್ಲಿ ಓಡಿದ್ದನೇನೋ ನಿಜ. ಆದರೆ ಮೂರು ಕೋನ್‌ಗಳನ್ನು ಸುತ್ತಿ ಬರುವ ಪರೀಕ್ಷೆಯಲ್ಲಿ 7.38 ಸೆಕೆಂಡು ಹಿಡಿದಿತ್ತು. 2000ದಲ್ಲಿ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ ಅದನ್ನು 7.20ಕ್ಕೆ ಮುಗಿಸಿದ್ದ, ನಲವತ್ತು ಗಜ ಓಡಲು 5.28 ಸೆಕೆಂಡು ತೆಗೆದುಕೊಂಡ ಬ್ರೇಡಿ! ಆ ಒಂದು ಅಂಕಿಗೆ ನಾನು ಹೆದರಿಬಿಟ್ಟೆ. ವೃತ್ತಿಪರ ಲೀಗಾದ ಎನ್‌ಎಫ್‌ಎಲ್‌ನ ನಿಜವಾದ ಡ್ರಾಫ್ಟ್‌ನಲ್ಲೂ ಮೆಟ್‌ಕಾಫ್ 64ನೇ ಆಯ್ಕೆಯವರೆಗೆ ಕಾದು ಸಿಯಾಟಲ್ ತಂಡ ಸೇರಿದ.

ಆಮೇಲೆ ನಾನು ಮೊದಲು ಕಲಿತದ್ದು ವೇಗವನ್ನು ತೂಕದ ಜೊತೆ ಓದುವುದು. ಫುಟ್‌ಬಾಲ್ ಅಂಕಿಅಂಶ ಬರೆಯುವ ಬಿಲ್ ಬಾರ್ನ್‌ವೆಲ್ ರನ್ನಿಂಗ್ ಬ್ಯಾಕ್‌ಗಳಿಗಾಗಿ (ಚೆಂಡು ಹೊತ್ತು ಓಡುವವರು) ಮಾಡಿದ ಒಂದು ಲೆಕ್ಕವಿದೆ: ಪೌಂಡಿನಲ್ಲಿರುವ ತೂಕವನ್ನು 200ರಿಂದ ಗುಣಿಸಿ, ಓಟದ ಸಮಯದ ನಾಲ್ಕನೇ ಘಾತದಿಂದ ಭಾಗಿಸುವುದು. ನೂರರ ಆಸುಪಾಸು ಬಂದರೆ ಸರಾಸರಿ. 2018ರಲ್ಲಿ 233 ಪೌಂಡಿನ ಸೇಕ್ವಾನ್ ಬಾರ್ಕ್ಲಿ 4.40 ಓಡಿದ, ಲೆಕ್ಕ ಹಾಕಿದರೆ 124. ಅದು ರಿಸೀವರ್‌ಗಳಿಗೆಂದು ಮಾಡಿದ್ದಲ್ಲದಿದ್ದರೂ ನಾನು ಹಾಕಿ ನೋಡುತ್ತೇನೆ. 2024ರಲ್ಲಿ ಕಂಬೈನ್ ದಾಖಲೆ ಮುರಿದ ಝೇವಿಯರ್ ವರ್ದಿ 4.21 ಓಡಿದ, ತೂಕ 165: ಬರುವುದು 105. 228 ಪೌಂಡಿನ ಮೆಟ್‌ಕಾಫ್‌ಗೆ ಸುಮಾರು 130. ಅಷ್ಟು ಭಾರ ಹೊತ್ತು ಅಷ್ಟು ವೇಗ ಎಂದರೆ ಏನು ಎಂಬುದು ನನಗೆ ಆಗ ಹೊಳೆದೇ ಇರಲಿಲ್ಲ.

ಸಮಯ ಅಳೆದದ್ದು ಹೇಗೆ ಎಂಬುದನ್ನೂ ನೋಡಬೇಕು. ಒಮ್ಮೆ ಮೈದಾನದಲ್ಲಿ ಟೇಪು ಹಿಡಿದು ನಲವತ್ತು ಗಜ ಗುರುತು ಮಾಡಿ ಮಗನನ್ನು ಓಡಿಸಿದೆವು. ಮೂವರ ಕೈಯಲ್ಲಿ ಮೊಬೈಲು. ಬಂದದ್ದು 5.61, 5.74, 5.88. ಶುರುವಿನಲ್ಲಿ ಕಾಲು ಎತ್ತಿದ್ದನ್ನು ಕಂಡ ಮೇಲೆಯೇ ಹೆಬ್ಬೆರಳು ಒತ್ತುತ್ತದೆ. ಕೊನೆಯಲ್ಲಿ ಗೆರೆ ಹತ್ತಿರವಾಗುವುದು ಕಾಣುತ್ತಿರುವುದರಿಂದ ಬೆರಳು ಮೊದಲೇ ಸಿದ್ಧವಾಗಿರುತ್ತದೆ. ಆದ್ದರಿಂದ ಕೈಯಲ್ಲಿ ಒತ್ತಿ ಅಳೆದ ಸಮಯ ಸಾಮಾನ್ಯವಾಗಿ ನಿಜಕ್ಕಿಂತ ಚೆನ್ನಾಗಿ ಕಾಣುತ್ತದೆ. ಕಾಲೇಜುಗಳು ತಮ್ಮದೇ ಅಂಗಳದಲ್ಲಿ, ಹೆಚ್ಚಾಗಿ ಕೈಯಲ್ಲೇ ಅಳೆದು, ನಡೆಸುವ ಪ್ರೊ ಡೇ ಪರೀಕ್ಷೆಯ ಅಂಕಿಗಳನ್ನು ಕಂಬೈನ್ ಅಂಕಿಗಳ ಪಕ್ಕದಲ್ಲಿಟ್ಟು ನಾನೀಗ ಹೋಲಿಸುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಅಂಕಿ ಅರ್ಧ ಮಾತ್ರ. 2003ರಲ್ಲಿ ರಿಸೀವರ್ ಆಂಕ್ವಾನ್ ಬೋಲ್ಡಿನ್ ಓಡಿದ್ದು 4.71, ಮೊದಲ ವರ್ಷವೇ 101 ಕ್ಯಾಚ್ ಹಿಡಿದ. ಹಾಗಾಗಿ ನಾನು ಆಟದ ವಿಡಿಯೊ ಹಾಕಿಕೊಂಡು ಚೆಂಡನ್ನು ಬಿಟ್ಟು ಆಟಗಾರನ ಸೊಂಟ, ಪಾದ ನೋಡುತ್ತೇನೆ. ಪೂರ್ತಿ ವೇಗದಲ್ಲಿದ್ದವನು ನಿಲ್ಲಲು ಎಷ್ಟು ಹೆಜ್ಜೆ ಬೇಕು? ಮೂರರಲ್ಲಿ ನಿಂತು ತಿರುಗುವವನು ಎದುರಾಳಿಯನ್ನು ಬಿಡಿಸಿಕೊಳ್ಳುತ್ತಾನೆ. ಐದಾರು ಬೇಕಾದರೆ ತಂಡ ಅವನನ್ನು ಎಂಥ ದಾರಿಯಲ್ಲಿ ಓಡಿಸುತ್ತದೆ ಎಂದು ಕೇಳಿಕೊಳ್ಳುತ್ತೇನೆ. ಮೆಟ್‌ಕಾಫ್‌ನನ್ನು ಕೋನ್ ಸುತ್ತಲು ಯಾರೂ ಕರೆದಿರಲಿಲ್ಲ. ನೇರ ಓಡಿ ಎತ್ತರದ ಚೆಂಡು ಹಿಡಿಯಲು ಕರೆದಿದ್ದರು. ಚೆಂಡು ಹಿಡಿದು ಅವನು ಗಳಿಸಿದ್ದು ಮೊದಲ ವರ್ಷ 900 ಗಜ, ಮರುವರ್ಷ 1,303.

2020ರ ಅಕ್ಟೋಬರಿನ ಆ ಭಾನುವಾರವನ್ನು ಮರೆಯಲಾರೆ. ಎದುರಾಳಿ ಅರಿಜೋನಾ ತಂಡದ ಬುಡ್ಡಾ ಬೇಕರ್ ಸಿಯಾಟಲ್‌ನ ಚೆಂಡು ಕಸಿದು ಖಾಲಿ ಮೈದಾನದಲ್ಲಿ ಓಡುತ್ತಿದ್ದ. ಬಹಳ ಹಿಂದಿದ್ದ ಮೆಟ್‌ಕಾಫ್ ಗಂಟೆಗೆ 36 ಕಿ.ಮೀ. ವೇಗ ಮುಟ್ಟಿ, ಗೋಲಿನ ಗೆರೆಗೆ ಎಂಟು ಗಜ ಉಳಿದಿರುವಾಗ ಅವನನ್ನು ಹಿಂದಿನಿಂದ ಹಿಡಿದು ಕೆಡವಿದ. ಅರಿಜೋನಾಕ್ಕೆ ಅಲ್ಲಿಂದ ಒಂದು ಅಂಕವೂ ದಕ್ಕಲಿಲ್ಲ. ನಾನು ಆ ತುಣುಕನ್ನು ಹಿಂದಕ್ಕೆ ಎಳೆದು, ಅವನು ಓಡಲು ತೊಡಗಿದ ಮೊದಲ ಹತ್ತು ಗಜವನ್ನು ಮತ್ತೆ ಮತ್ತೆ ನೋಡಿದೆ.